ಅಲಗು ಮೊದಲು, ಅಶ್ವಶಕ್ತಿ ಆಮೇಲೆ

ಪೆಟ್ರೋಲಿನ ಮೋವರ್ ಒಳ್ಳೆಯದೋ ಬ್ಯಾಟರಿಯದೋ ಎಂಬ ಚರ್ಚೆಯನ್ನು ಈ ವಾರ ದಡ ಮುಟ್ಟಿಸುವುದಾಗಿ ಹೇಳಿದ್ದೆ. ಮುಟ್ಟಿಸುತ್ತೇನೆ, ಆದರೆ ಕೊನೆಯಲ್ಲಿ. ಅದಕ್ಕಿಂತ ದೊಡ್ಡ ವಿಷಯವೊಂದು ಕಣ್ಣಿಗೆ ಬಿದ್ದಿದೆ.

ವಯನಾಡಿನ ಕಡೆಯಿಂದ ಮಳೆ ಇಳಿದಿದೆ. ಬೀಚನಹಳ್ಳಿಯಿಂದ ಹುಣಸೂರಿನವರೆಗೆ ಶಾಲೆಗಳ ಮುಂದೆ, ಅತಿಥಿಗೃಹಗಳ ಮುಂದೆ, ಹಿನ್ನೀರಿನ ಅಂಚಿನ ರೆಸಾರ್ಟುಗಳಲ್ಲಿ, ಹೊಸ ಮನೆಗಳ ಕಾಂಪೌಂಡಿನೊಳಗೆ ಹುಲ್ಲುಹಾಸು ಚಿಗುರಿದೆ. ಕತ್ತರಿಸಿಯೂ ಇದ್ದಾರೆ. ಕತ್ತರಿಸಿದ ಎರಡನೇ ದಿನಕ್ಕೆ ಅದರ ಮೇಲೆ ಬೂದುಬಣ್ಣದ ಪೊರೆ ಕವಿದಿದೆ. ನೀರು ಸಾಲದು ಎಂದು ಒಬ್ಬರು, ಯೂರಿಯಾ ಸಾಲದು ಎಂದು ಇನ್ನೊಬ್ಬರು. ಹೊಯ್ಯುವ ಮಳೆಯಲ್ಲಿ ನೀರು ಸಾಲದೆ ಹುಲ್ಲು ಬಣ್ಣಗೆಡುವುದುಂಟೆ? ಬಾಗಿ ಒಂದು ಎಸಳು ಕಿತ್ತು ನೋಡಿ. ತುದಿ ಕತ್ತರಿಸಿಲ್ಲ, ನಾರುನಾರಾಗಿ ಹರಿದಿದೆ. ಆ ನಾರು ಒಣಗಿ ಬಿಳಿಚಿಕೊಳ್ಳುತ್ತದೆ. ಅಂಗಳದ ಎಸಳುಗಳೆಲ್ಲ ಒಟ್ಟಿಗೆ ಹಾಗೆ ಬಿಳಿಚಿಕೊಂಡಾಗ ಕಾಣುವುದೇ ಆ ಪೊರೆ. ಹರಿದ ಗಾಯದಿಂದ ನೀರು ಹೆಚ್ಚು ಆರುತ್ತದೆ, ರೋಗಕ್ಕೂ ಅದೇ ದಾರಿ. ಕಾರಣ ಒಂದೇ: ಮೊಂಡು ಅಲಗು.

ನಮ್ಮ ಸೀಮೆಯಲ್ಲಿ ಇದನ್ನು ಬರೆದು ಹೇಳಬೇಕಾಗಿ ಬಂತಲ್ಲ ಎಂಬುದೇ ನನ್ನ ಸಂಕಟ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಲ್ಲವೂ ಕೊಯ್ಲಿನ ತಾಲ್ಲೂಕುಗಳು. ರಾಗಿಯೋ ಭತ್ತವೋ ಬಲಿಯುವ ಹೊತ್ತಿಗೆ ಕುಲುಮೆಗೆ ಹೋಗಿ ಕುಡ್ಲು ತಟ್ಟಿಸಿಕೊಂಡು ಬರುವುದು ಇಲ್ಲಿ ಯಾರೂ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ. ಮೊಂಡು ಕುಡ್ಲಿನಲ್ಲಿ ಕೊಯ್ದರೆ ಬುಡ ಸಮೇತ ಕಿತ್ತು ಬರುತ್ತದೆ, ಕೈಯೂ ಸೋಲುತ್ತದೆ ಎಂಬುದು ಹೊಲಕ್ಕಿಳಿದ ಪ್ರತಿಯೊಬ್ಬರಿಗೂ ಗೊತ್ತು. ಅದೇ ಮನೆಯ ಮಗ ಇಂದು ಸಾವಿರಾರು ರೂಪಾಯಿ ಕೊಟ್ಟು ಮೋವರ್ ತರುತ್ತಾನೆ. ಆಯಿಲ್ ನೋಡುತ್ತಾನೆ, ಪ್ಲಗ್ ಒರೆಸುತ್ತಾನೆ, ಮೇಲಿನ ಬಣ್ಣ ಹೊಳೆಯುವಂತೆ ತೊಳೆಯುತ್ತಾನೆ. ಅಲಗನ್ನು ಮಾತ್ರ ಕೊಂಡ ದಿನದಿಂದ ಬಿಚ್ಚಿರುವುದಿಲ್ಲ. ಕೊಯ್ಯುವುದು ಅಲಗು. ಎಂಜಿನ್ ಅದನ್ನು ತಿರುಗಿಸುತ್ತದೆ, ಅಷ್ಟೆ.

ಈ ಅಂಕಣದ ಹಳೆಯ ಓದುಗರಿಗೆ ನನ್ನ ಮೆಚ್ಚಿನ ಗ್ರಂಥ ಯಾವುದೆಂದು ಗೊತ್ತು. ಅದು 1830ರ ಆಗಸ್ಟ್ 31ರ ತಾರೀಖು ಹೊತ್ತ ಒಂದು ಪೇಟೆಂಟ್ ಪತ್ರ. ಬರೆದವನು ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಸ್ಟ್ರೌಡ್ ಬಳಿಯ ಮೆಕ್ಯಾನಿಕ್ ಎಡ್ವಿನ್ ಬಡಿಂಗ್. ಆ ಊರು ಉಣ್ಣೆ ಬಟ್ಟೆಯ ಗಿರಣಿಗಳಿಗೆ ಹೆಸರಾದದ್ದು. ನೇಯ್ದ ಬಟ್ಟೆಯ ಮೇಲೆ ಎದ್ದು ನಿಂತ ಎಳೆಗಳನ್ನು ಸಮನಾಗಿ ಸವರಲು ಗಿರಣಿಯಲ್ಲಿ ಅಲಗು ಸುತ್ತಿದ ಉರುಳೆಯ ಯಂತ್ರವಿತ್ತು. ಬಡಿಂಗ್ ಅದನ್ನು ನೋಡಿ ನೆಲಕ್ಕೆ ಇಳಿಸಿದ. ಹಿಂದೆ ಒಂದು ಭಾರದ ರೋಲರ್. ಅದು ಉರುಳಿದಾಗ ಹಲ್ಲುಚಕ್ರಗಳ ಮೂಲಕ ಮುಂದಿನ ಅಲಗಿನ ಉರುಳೆ ಹಲವು ಪಟ್ಟು ವೇಗದಲ್ಲಿ ತಿರುಗುತ್ತದೆ. ಉರುಳೆಯ ಕೆಳಗೆ ಅಲುಗಾಡದ ಇನ್ನೊಂದು ಅಲಗು. ಎರಡರ ನಡುವೆ ಸಿಕ್ಕ ಎಸಳು ತುಂಡಾಗುತ್ತದೆ. ಮೊದಲ ಯಂತ್ರದ ಅಗಲ 19 ಅಂಗುಲ. ಹಣ ಹಾಕಿದವನು ಜಾನ್ ಫೆರಬಿ ಎಂಬ ಪಾಲುದಾರ. ಅವರ ಮೊದಮೊದಲ ಗಿರಾಕಿಗಳಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯವೂ ಒಂದು.

ಆ ಪತ್ರದಲ್ಲಿ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುವುದು ಬಡಿಂಗನ ವಾದದ ಜಾಡು. ಯಂತ್ರ ಬೇಗ ಮುಗಿಸುತ್ತದೆ, ಆಳು ಉಳಿಸುತ್ತದೆ ಎಂಬಲ್ಲಿಗೆ ಅವನು ನಿಲ್ಲಿಸುವುದಿಲ್ಲ. ನೆರಳಿನಲ್ಲಿ ಬೆಳೆದ ಹುಲ್ಲು ಕುಡುಗೋಲಿನ ಬೀಸಿಗೆ ಎದುರು ನಿಲ್ಲಲಾರದಷ್ಟು ಮೆತ್ತಗಿರುತ್ತದೆ, ಅದನ್ನೂ ತನ್ನ ಯಂತ್ರ ಬೇಕಾದಷ್ಟು ಗಿಡ್ಡಕ್ಕೆ ಕತ್ತರಿಸುತ್ತದೆ ಎನ್ನುತ್ತಾನೆ. ನುರಿತ ಕೊಯ್ಲುಗಾರನೂ ನೆಲದ ಮೇಲೆ ಬಿಟ್ಟುಹೋಗುವ ಅರ್ಧಚಂದ್ರದ ಗಾಯಗಳು, ಏರುತಗ್ಗುಗಳು, ಬೋಳು ಕಲೆಗಳು ದಿನಗಟ್ಟಲೆ ಕಣ್ಣಿಗೆ ಚುಚ್ಚುವುದಿಲ್ಲ ಎನ್ನುತ್ತಾನೆ. ಹಳ್ಳಿಗಾಡಿನ ಸ್ಥಿತಿವಂತರು ತಾವೇ ಇದನ್ನು ತಳ್ಳಿದರೆ ಮನಸ್ಸಿಗೆ ಉಲ್ಲಾಸ, ಮೈಗೆ ಒಳ್ಳೆಯ ವ್ಯಾಯಾಮ ಎಂದೂ ಸೇರಿಸುತ್ತಾನೆ. ಗಮನಿಸಿ: ಹುಲ್ಲಿಗೆ ಏನಾಗುತ್ತದೆ, ನೋಡುವ ಕಣ್ಣಿಗೆ ಏನಾಗುತ್ತದೆ, ತಳ್ಳುವ ಮೈಗೆ ಏನಾಗುತ್ತದೆ ಎಂಬುದು ಅವನ ಅಳತೆಗೋಲು. ಹೊಸ ಮೋವರ್‌ಗಳ ಜಾಹೀರಾತಿನಲ್ಲಿ ಈ ಮೂರರಲ್ಲಿ ಒಂದೂ ಸಿಗುವುದಿಲ್ಲ. ಸಿಗುವುದು ಸಿಸಿ, ವ್ಯಾಟ್ ಮತ್ತು ಅಶ್ವಶಕ್ತಿ.

ಈ ಅಶ್ವಶಕ್ತಿ ಪಂಥದವರೊಂದಿಗೆ ನನ್ನದು ಹಳೆಯ ಜಗಳ. ಎಂಜಿನ್ ದೊಡ್ಡದಿದ್ದರೆ ಅಲಗು ಹೇಗಿದ್ದರೂ ನಡೆಯುತ್ತದೆ ಎನ್ನುವುದು ಅವರ ನಂಬಿಕೆ. ನಡೆಯುತ್ತದೆ, ನಿಜ. ರೋಟರಿ ಮೋವರಿನಲ್ಲಿ ಎದುರು ಅಲಗಿಲ್ಲ. ಒಂದೇ ಪಟ್ಟಿ ಫ್ಯಾನಿನ ರೆಕ್ಕೆಯ ಹಾಗೆ ಅಡ್ಡಡ್ಡ ತಿರುಗಿ ವೇಗದ ಬಲದಿಂದಲೇ ಹುಲ್ಲನ್ನು ಹೊಡೆದುರುಳಿಸುತ್ತದೆ. 18 ಅಂಗುಲದ ಅಲಗು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ 250 ಕಿ.ಮೀ. ದಾಟುತ್ತದೆ. ಆ ವೇಗದಲ್ಲಿ ಮೊಂಡು ಕಬ್ಬಿಣವೂ ಹುಲ್ಲನ್ನು ಬೀಳಿಸುತ್ತದೆ. ಅನಾಹುತವಿರುವುದೇ ಅಲ್ಲಿ. ಯಂತ್ರದ ಶಕ್ತಿ ಅಲಗಿನ ದೋಷವನ್ನು ಮುಚ್ಚಿಡುತ್ತದೆ. ಕೆಲಸ ಆಯಿತೆಂದು ಯಜಮಾನ ಒಳಗೆ ಹೋಗುತ್ತಾನೆ, ಗಾಯ ತಿನ್ನುವುದು ಹುಲ್ಲು. ಕೈಯಲ್ಲಿ ತಳ್ಳುವ ಉರುಳೆ ಯಂತ್ರದಲ್ಲಿ ಈ ಮುಚ್ಚುಮರೆ ಸಾಧ್ಯವಿಲ್ಲ. ಅಲಗು ಮೊಂಡಾದರೆ ಅದು ಕತ್ತರಿಸುವುದೇ ಇಲ್ಲ, ಹುಲ್ಲನ್ನು ಬಾಗಿಸಿ ಮುಂದೆ ಹೋಗುತ್ತದೆ. ಅಂದೇ ಸಾಣೆ ಹಿಡಿಯಲೇಬೇಕು. ತನ್ನ ದೋಷವನ್ನು ತಾನೇ ಹೇಳುವ ಯಂತ್ರವನ್ನು ನಾನು ನಂಬುತ್ತೇನೆ.

ಕ್ರಿಕೆಟ್ ಮೈದಾನದವರು ಇದನ್ನು ಎಂದೋ ಒಪ್ಪಿದ್ದಾರೆ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ನಡೆದ ರಣಜಿ ಫೈನಲ್ ಅನ್ನು ಕರ್ನಾಟಕ ಕೇವಲ ಆರು ರನ್ನಿನಿಂದ ಸೋತದ್ದು ಈ ಜಿಲ್ಲೆಯಲ್ಲಿ ಯಾರಿಗೂ ಮರೆತಿಲ್ಲ. ಅಂಥ ಪಂದ್ಯಕ್ಕೆ ಪಿಚ್ ಸಜ್ಜುಮಾಡುವವರು ಹುಲ್ಲನ್ನು ಮಿಲಿಮೀಟರ್ ಲೆಕ್ಕದಲ್ಲಿ ಇಳಿಸುತ್ತಾರೆ, ಅದಕ್ಕೆ ಕೈಗೆತ್ತಿಕೊಳ್ಳುವುದು ಉರುಳೆ ಯಂತ್ರವನ್ನೇ.

ಪಂಥದ ಇನ್ನೊಂದು ಶಾಖೆ ಬ್ರಷ್ ಕಟರ್ ಹೆಗಲಿಗೇರಿಸಿಕೊಂಡವರದು. ಬದುವಿಗೆ, ಕಾಲುವೆಯ ಏರಿಗೆ, ತೋಟದ ಸಾಲಿಗೆ ಅದು ಬೇಕು. ಅಲ್ಲಿ ಅದಕ್ಕೆ ನನ್ನ ತಕರಾರಿಲ್ಲ. ಅದನ್ನೇ ತಂದು ಮನೆಯಂಗಳದ ಗರಿಕೆಯ ಮೇಲೆ ಬೀಸುವುದನ್ನು ನಾನು ಸಹಿಸಲಾರೆ. ನೈಲಾನ್ ದಾರ ಹುಲ್ಲನ್ನು ಕೊಯ್ಯುವುದಿಲ್ಲ, ಚಚ್ಚುತ್ತದೆ. ಎತ್ತರ ಕಾಯುವ ಚಕ್ರವಿಲ್ಲದ್ದರಿಂದ ಒಂದು ಕಡೆ ಮಣ್ಣು ಕಾಣುತ್ತದೆ, ಇನ್ನೊಂದು ಕಡೆ ಜೊಂಪೆ ಉಳಿಯುತ್ತದೆ. ಮಣ್ಣು ಕಂಡ ಜಾಗಕ್ಕೆ ಗರಿಕೆಗಿಂತ ಮುಂಚೆ ಬರುವುದು ಪಾರ್ಥೇನಿಯಂ. ಎಳೆಯ ಮಾವಿನ ಕಸಿಗಿಡದ ಬುಡಕ್ಕೆ ಆ ದಾರ ಸುತ್ತಲೂ ತಾಗಿದರೆ ತೊಗಟೆ ಬಿಚ್ಚಿ ಗಿಡವೇ ಹೋಗುತ್ತದೆ. ಆಳು ಸಿಗದ್ದಕ್ಕೆ ಹೀಗೆ ಮಾಡುತ್ತೇವೆ ಎನ್ನುತ್ತಾರೆ. ಹುಲ್ಲು ಹೆಚ್ಚು ಬೆಳೆಯುವ ತಿಂಗಳುಗಳಲ್ಲೇ ಇಲ್ಲಿ ಎಲ್ಲರೂ ಹೊಗೆಸೊಪ್ಪಿನ ಹೊಲಕ್ಕೂ ಬ್ಯಾರನ್‌ಗೂ ಹೋಗಿರುತ್ತಾರೆ, ಒಪ್ಪುತ್ತೇನೆ. ಹಾಗಾದರೆ ಉರುಳೆ ಯಂತ್ರವನ್ನು ನೀವೇ ತಳ್ಳಿ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಒಂದು ಅಡಿ ಅಗಲದ ಪಟ್ಟಿಯಂತೆ 33 ಸಾಲು, ಒಟ್ಟು ನಡಿಗೆ ಸುಮಾರು 332 ಮೀಟರ್. ಬೆಳಗಿನ ಕಾಫಿಗೆ ಮುಂಚೆ ಮುಗಿಯುವ ಕೆಲಸ.

ಈ ಪಂಥದವರು ಕೊನೆಗೆ ಎಸೆಯುವ ಪ್ರಶ್ನೆ ಒಂದಿದೆ. ದನ ಹುಲ್ಲನ್ನು ಹರಿದೇ ತಿನ್ನುತ್ತದೆ, ಆದರೂ ಹುಲ್ಲು ಬೆಳೆಯುತ್ತದಲ್ಲ? ಒಳ್ಳೆಯ ಪ್ರಶ್ನೆ. ಉತ್ತರ ಬೀಚನಹಳ್ಳಿಯಲ್ಲೇ ಇದೆ. 1974ರಲ್ಲಿ ಇಲ್ಲಿ ಕಬಿನಿಗೆ ಅಣೆಕಟ್ಟು ಮುಗಿದಾಗ ನಾಗರಹೊಳೆ, ಬಂಡೀಪುರಗಳ ನಡುವೆ ಹಿನ್ನೀರು ನಿಂತಿತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ತೇವದ ಮಣ್ಣಿನ ಮೇಲೆ ಹಸಿ ಹುಲ್ಲು ಏಳುತ್ತದೆ. ಕಾಡೆಲ್ಲ ಒಣಗಿದ ಆ ತಿಂಗಳುಗಳಲ್ಲಿ ಎರಡೂ ಕಡೆಯ ಆನೆಗಳು ಅಲ್ಲಿಗೆ ಇಳಿಯುತ್ತವೆ, ಜೊತೆಗೆ ಜಿಂಕೆ, ಕಾಟಿ. ದಡದಲ್ಲಿ ಕೂತು ನೋಡಿದರೆ ಒಂದೊಂದರ ಕೊಯ್ಲೂ ಬೇರೆ ಬೇರೆ. ಕಾಟಿ ನಾಲಗೆಯಿಂದ ಜೊಂಪೆಯನ್ನು ಸುತ್ತಿ ಎಳೆದು ಹರಿಯುತ್ತದೆ. ಜಿಂಕೆಗೆ ಮೇಲ್ದವಡೆಯಲ್ಲಿ ಮುಂಹಲ್ಲಿಲ್ಲ. ಕೆಳಗಿನ ಹಲ್ಲನ್ನು ಮೇಲಿನ ಗಟ್ಟಿ ವಸಡಿಗೆ ಒತ್ತಿ, ಎಸಳು ಆರಿಸಿ ಕಚ್ಚುತ್ತದೆ. ಸೊಂಡಿಲಿಗೆ ಸಿಗದಷ್ಟು ಗಿಡ್ಡ ಹುಲ್ಲನ್ನು ಆನೆ ಮುಂಗಾಲಿನ ಉಗುರಿನಿಂದ ಒದ್ದು ಸಡಿಲಿಸಿ, ಸೊಂಡಿಲಲ್ಲಿ ಕಂತೆಮಾಡಿ, ಕಾಲಿಗೆ ಬಡಿದು ಮಣ್ಣು ಉದುರಿಸಿ ಬಾಯಿಗಿಡುತ್ತದೆ.

ಇಷ್ಟಾದರೂ ಆ ಹುಲ್ಲು ಬದುಕುತ್ತದೆ, ಏಕೆಂದರೆ ಹುಲ್ಲಿನ ಬೆಳವಣಿಗೆಯ ಮೊಳೆ ತುದಿಯಲ್ಲಿಲ್ಲ, ಬುಡದಲ್ಲಿದೆ. ಮೇಲೆ ಕಳೆದುಕೊಂಡದ್ದನ್ನು ಅದು ಕೆಳಗಿನಿಂದ ತುಂಬಿಕೊಳ್ಳುತ್ತದೆ. ಆದರೆ ಹಿಂಡು ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಅರ್ಧ ತಿಂದು, ಸಗಣಿ ಲದ್ದಿ ಹಾಕಿ ಮುಂದೆ ಹೋಗುತ್ತದೆ, ಚಿಗುರಿದ ಮೇಲೆ ಮರಳುತ್ತದೆ. ಮಳೆ ಬಂದು ಜಲಾಶಯ ತುಂಬಿದರೆ ಆ ಬಯಲು ತಿಂಗಳುಗಟ್ಟಲೆ ನೀರಿನಡಿ ಸೇರುತ್ತದೆ. ನಿಮ್ಮ ಅಂಗಳದ ಗರಿಕೆಗೆ ಆ ಬಿಡುವಿಲ್ಲ, ಆ ಗೊಬ್ಬರವಿಲ್ಲ. ಅದೇ ಎಸಳು ವಾರವಾರವೂ ಅಲಗಿನಡಿ ಬರುತ್ತದೆ. ಬಿಡುವು ಕೊಡಲಾಗದವರು ಗಾಯವನ್ನಾದರೂ ಸಣ್ಣದಾಗಿಸಬೇಕು. ಹಿನ್ನೀರಿನಿಂದ ಕಲಿಯಬೇಕಾದದ್ದು ಹರಿಯುವುದನ್ನಲ್ಲ, ಉಳಿಸಿ ತಿನ್ನುವುದನ್ನು. ಒಂದು ಸಲಕ್ಕೆ ಎಸಳಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಗರಿಕೆಯನ್ನು ಎರಡೂವರೆಯಿಂದ ನಾಲ್ಕು ಸೆಂಟಿಮೀಟರಿಗೆ ನಿಲ್ಲಿಸಿ. ಊರಿಗೆ ಹೋಗಿ ಬರುವಷ್ಟರಲ್ಲಿ ಮೊಣಕಾಲುದ್ದ ಬೆಳೆದಿದ್ದರೆ ಒಂದೇ ದಿನ ಬೋಳಿಸದೆ, ನಡುವೆ ದಿನ ಬಿಟ್ಟು ಹಂತಹಂತವಾಗಿ ಇಳಿಸಿ. ಸಣ್ಣ ತುಂಡುಗಳನ್ನು ಅಲ್ಲೇ ಬಿಡಿ. ಅದರ ಸಾರಜನಕ ಅದೇ ನೆಲಕ್ಕೆ ಮರಳುತ್ತದೆ. ಪ್ರತಿ ಸಲ ತಳ್ಳುವ ದಿಕ್ಕು ಬದಲಿಸಿ.

ಇನ್ನು ಅಲಗಿನ ಕೆಲಸ. ಪೆಟ್ರೋಲ್ ರೋಟರಿಯಾದರೆ ಮೊದಲು ಪ್ಲಗ್ಗಿನ ಕ್ಯಾಪ್ ಕಿತ್ತಿಡಿ. ಬ್ಯಾಟರಿಯದಾದರೆ ಬ್ಯಾಟರಿ ತೆಗೆದಿಡಿ. ಇದಾಗದೆ ಅಲಗಿಗೆ ಕೈ ಹಾಕಕೂಡದು. ಎಂಜಿನ್ ಮೋವರನ್ನು ವಾಲಿಸುವಾಗ ಏರ್ ಫಿಲ್ಟರ್ ಮೇಲಕ್ಕಿರಲಿ, ಇಲ್ಲದಿದ್ದರೆ ಆಯಿಲ್ ಅದರೊಳಗೆ ಹರಿಯುತ್ತದೆ. ಅಲಗಿಗೆ ಮರದ ತುಂಡು ಅಡ್ಡ ಕೊಟ್ಟು ಬೋಲ್ಟ್ ಬಿಚ್ಚಿ. ಮೊದಲೇ ಇರುವ ಇಳಿಜಾರನ್ನು, ಅಂದರೆ ಸುಮಾರು 30 ಡಿಗ್ರಿಯನ್ನು, ಕೆಡಿಸದೆ ಅರದಿಂದ ಉಜ್ಜಿ; ಎರಡೂ ತುದಿಯನ್ನು ಸಮನಾಗಿ ಉಜ್ಜಿ. ಆಮೇಲೆ ನಡುವಿನ ತೂತಿನಲ್ಲಿ ಗೋಡೆಯ ಮೊಳೆಗೆ ತೂಗುಹಾಕಿ. ವಾಲಿದ ಕಡೆ ಭಾರ ಹೆಚ್ಚು. ಸಮತೂಕ ಬರುವವರೆಗೆ ಆ ಕಡೆ ಉಜ್ಜಿ. ತೂಕ ತಪ್ಪಿದ ಅಲಗು ಎಂಜಿನ್ನಿನ ಶಾಫ್ಟನ್ನೇ ಅಲುಗಾಡಿಸಿ ತಿನ್ನುತ್ತದೆ. ಮತ್ತೆ ಕೂರಿಸುವಾಗ ಮಡಚಿದ ರೆಕ್ಕೆಯ ಭಾಗ ಯಂತ್ರದ ಹೊಟ್ಟೆಯ ಕಡೆಗಿರಲಿ. ಹೊಟ್ಟೆಗೆ ಅಂಟಿದ ಹಸಿ ಹುಲ್ಲನ್ನು ಕೆರೆದು ತೆಗೆಯಿರಿ. ಇಪ್ಪತ್ತು ಇಪ್ಪತ್ತೈದು ಗಂಟೆಯ ಓಟಕ್ಕೊಮ್ಮೆ ಇಷ್ಟು ಸಾಕು. ಅಂಗಳದಲ್ಲಿ ಕಲ್ಲು ಹೆಚ್ಚಿದ್ದರೆ ಇನ್ನೂ ಬೇಗ.

ಉರುಳೆ ಯಂತ್ರಕ್ಕೆ ಪರೀಕ್ಷೆ ಸುಲಭ. ಹಳೆಯ ಪತ್ರಿಕೆಯ ಒಂದು ಪಟ್ಟಿಯನ್ನು ಎರಡು ಅಲಗುಗಳ ನಡುವೆ ಹಿಡಿದು, ಬೆರಳು ದೂರವಿಟ್ಟು, ಉರುಳೆಯನ್ನು ನಿಧಾನವಾಗಿ ತಿರುಗಿಸಿ. ಅಲಗಿನ ಉದ್ದಕ್ಕೂ ಕಾಗದ ಸಲೀಸಾಗಿ ತುಂಡಾಗಬೇಕು. ಮಡಚಿಕೊಂಡ ಕಡೆ ಅಂತರ ಹೆಚ್ಚಿದೆ ಎಂದರ್ಥ. ಪಕ್ಕದ ಸ್ಕ್ರೂ ಒಂದು ಎಳೆಯಷ್ಟು ಬಿಗಿಮಾಡಿ. ಅದಕ್ಕೂ ಸರಿಯಾಗದಿದ್ದರೆ, ಗ್ಯಾರೇಜಿನವರು ವಾಲ್ವ್ ಉಜ್ಜಲು ಬಳಸುವ ಪೇಸ್ಟನ್ನು ಅಲಗಿಗೆ ಸವರಿ ಉರುಳೆಯನ್ನು ಹಿಮ್ಮುಖವಾಗಿ ತಿರುಗಿಸಿ. ಅಲಗಿಗೆ ಅಲಗೇ ಸಾಣೆಯಾಗುತ್ತದೆ. ಪೇಸ್ಟ್ ಪೂರ್ತಿ ತೊಳೆದು ಎಣ್ಣೆ ಬಿಟ್ಟು ಒಳಗಿಡಿ.

ಕೊಟ್ಟ ಮಾತಿನಂತೆ ಈಗ ಪೆಟ್ರೋಲ್, ಬ್ಯಾಟರಿ. ಎರಡು ಗುಂಟೆಯವರೆಗಿನ ಸಮತಟ್ಟಾದ ಗರಿಕೆಗೆ ಎರಡೂ ಬೇಡ. ಐದು ಅಲಗಿನ, 14 ಅಥವಾ 16 ಅಂಗುಲದ ಕೈಯುರುಳೆ ಕೊಳ್ಳಿ. ಅಷ್ಟೇ ಜಾಗ ಏರುತಗ್ಗಾಗಿದ್ದರೆ, ಹುಲ್ಲು ಅಗಲ ಎಸಳಿನದಾಗಿದ್ದರೆ ಬ್ಯಾಟರಿ ರೋಟರಿ. ಕರೆಂಟಿನ ವೈರ್ ಎಳೆದಾಡುವ ಯಂತ್ರ ಇಲ್ಲಿಗೆ ಹೊಂದದು: ಹಳ್ಳಿಯಲ್ಲಿ ವೋಲ್ಟೇಜ್ ಬಿದ್ದಾಗ ಮೋಟಾರ್ ಕಾಯುತ್ತದೆ, ಮಳೆಯ ನೆಲದಲ್ಲಿ ವೈರ್ ಅಪಾಯ. ಎರಡು ಗುಂಟೆಗಿಂತ ದೊಡ್ಡ ಜಾಗಕ್ಕೆ, ಶಾಲೆಯ ಅಂಗಳಕ್ಕೆ, ರೆಸಾರ್ಟಿಗೆ ಫೋರ್ ಸ್ಟ್ರೋಕ್ ಪೆಟ್ರೋಲ್. ಅದರ ಆಯಿಲನ್ನು ಮೊದಲ ಐದು ಗಂಟೆಯ ಓಟವಾದ ಮೇಲೆ ಒಂದು ಸಲ, ಆಮೇಲೆ ಐವತ್ತು ಗಂಟೆಗೊಮ್ಮೆ ಬದಲಿಸಿ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ನಿಂತಲ್ಲಿ ಅಂಟಾಗುತ್ತದೆ. ಹುಲ್ಲು ಮಲಗುವ ಚಳಿಗಾಲಕ್ಕೆ ಯಂತ್ರ ಎತ್ತಿಡುವ ಮುಂಚೆ ಟ್ಯಾಂಕ್ ಬಸಿದು, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಓಡಿಸಿ ನಿಲ್ಲಿಸಿ.

ಯಾವುದನ್ನು ಕೊಂಡರೂ ಅಂಗಡಿಯವರ ಬಳಿ ಮೊದಲು ಕೇಳಬೇಕಾದದ್ದು ಸಿಸಿ ಎಷ್ಟು ಎಂದಲ್ಲ. ಅಲಗನ್ನು ಬಿಚ್ಚುವುದು ಹೇಗೆ, ಬದಲಿ ಅಲಗು ಇಲ್ಲೇ ಸಿಗುತ್ತದೆಯೇ ಎಂದು ಕೇಳಿ. ಬಿಚ್ಚಿ ತೋರಿಸದ ಅಂಗಡಿಯಲ್ಲಿ ಕೊಳ್ಳಬೇಡಿ. ಮನೆಯಲ್ಲಿ ಈಗಾಗಲೇ ಮೋವರ್ ಇರುವವರು ಬರುವ ಭಾನುವಾರ ಹುಲ್ಲಿನ ತಂಟೆಗೆ ಹೋಗದೆ ಅಲಗನ್ನು ಬಿಚ್ಚಿ ಉಜ್ಜಿ. ನಿಮಗೆ ಒಗ್ಗದ ಕೆಲಸವಾದರೆ ಕುಡ್ಲು ತಟ್ಟುವ ಕುಲುಮೆಗೇ ಒಯ್ಯಿರಿ. ಆ ಕೈಗೆ ಈ ಅಲಗು ಹೊಸದಲ್ಲ, ಅದಕ್ಕೆ ಸಲ್ಲಬೇಕಾದ ಕೂಲಿಯೂ ಅಲ್ಲೇ ಸಲ್ಲಲಿ. ಮುಂದಿನ ವಾರ ಗರಿಕೆಯ ನಡುವೆ ನುಗ್ಗುವ ಜೇಕಿನ ಬಗ್ಗೆ ಬರೆಯುತ್ತೇನೆ. ಅಷ್ಟರಲ್ಲಿ ನಿಮ್ಮ ಅಲಗು ಹರಿತವಾಗಿರಲಿ.