ಸೇಬಿನ ಲಾರಿ, ಯುದ್ಧದಿಂದ ಮರಳಿದವನು

ಯುದ್ಧದಿಂದ ಮರಳಿದವನ ಕಥೆಯೆಂದರೆ ಪದಕ, ಗಾಯ, ದುಃಸ್ವಪ್ನಗಳನ್ನು ನಿರೀಕ್ಷಿಸುವುದು ನಮ್ಮ ರೂಢಿ. ಜೂಲ್ಸ್ ಡ್ಯಾಸಿನ್ 1949ರಲ್ಲಿ ನಿರ್ದೇಶಿಸಿದ ‘ಥೀವ್ಸ್ ಹೈವೇ’ ಚಿತ್ರ ಆ ಜಾಡು ಹಿಡಿಯುವುದಿಲ್ಲ. ಕ್ಯಾಲಿಫೋರ್ನಿಯಾದ ಫ್ರೆಸ್ನೋಗೆ ಬಂದ ನಿಕ್‌ಗೆ ಕಾಣುವುದು ಕಾಲು ಕಳೆದುಕೊಂಡ ತಂದೆ; ಅದರ ಹಿಂದೆ ಸ್ಯಾನ್ ಫ್ರಾನ್ಸಿಸ್ಕೋ ಹಣ್ಣಿನ ಮಂಡಿಯ ಫಿಗ್ಲಿಯಾನ ಕೈವಾಡ. ನಿಕ್ ಸೇಬು ಹೇರಿದ ಲಾರಿ ಹತ್ತುತ್ತಾನೆ.

ಸೇಡಿನ ಕಥೆ ಹಳೆಯದೇ. ಚಿತ್ರದ ಸತ್ವವಿರುವುದು ದಾರಿಯಲ್ಲಿ: ನಿದ್ದೆಗೆಟ್ಟ ಕಣ್ಣು, ಜಾರುವ ಜಾಕು, ಲಾರಿಯಡಿ ಸಿಕ್ಕಿಬಿದ್ದ ನಿಕ್. ಜತೆಗಾರ ಎಡ್‌ನ ಲಾರಿ ಉರುಳಿ ಅವನು ಸತ್ತಾಗ ಸೇಬುಗಳು ಇಳಿಜಾರಿನಲ್ಲಿ ಚೆಲ್ಲಿ ಹೋಗುತ್ತವೆ. ಹಣ್ಣಿನ ಬೆಲೆಯಲ್ಲಿ ಚಾಲಕನ ಪ್ರಾಣದ ಲೆಕ್ಕವಿಲ್ಲವೆಂಬುದನ್ನು ಆ ದೃಶ್ಯ ಮಾತಿಲ್ಲದೆ ತಿಳಿಸುತ್ತದೆ. ಮೂಲ ಕಾದಂಬರಿಯನ್ನೂ ಚಿತ್ರಕಥೆಯನ್ನೂ ಬರೆದ ಬೆಝೆರಿಡಿಸ್ ಫ್ರೆಸ್ನೋದಲ್ಲೇ ಬೆಳೆದವರು. ಈ ದುಡಿಮೆಯ ವಿವರಗಳು ಕಲ್ಪನೆಯಿಂದ ಹುಟ್ಟಿದಂತೆ ತೋರುವುದಿಲ್ಲ.

ಯುದ್ಧದ ಮಾತು ಇಲ್ಲಿ ಬಹಳ ಕಡಮೆ. ಅದು ಕೊರತೆಯೆಂದು ಹೇಳುವವರೊಡನೆ ನಾನು ಒಪ್ಪಲಾರೆ. ರಣರಂಗದಲ್ಲಿ ಶತ್ರುವಿಗೆ ಸಮವಸ್ತ್ರವಿರುತ್ತದೆ. ಮಂಡಿಯಲ್ಲಿ ಅವನು ನಗುನಗುತ್ತ ಬೆಲೆ ಕೇಳುತ್ತಾನೆ. ಲೀ ಜೆ. ಕಾಬ್ ಅಭಿನಯದ ಹಿರಿಮೆ ಈ ನಗೆಯಲ್ಲಿದೆ. ನಿಕ್ ಕಲಿತ ಧೈರ್ಯ ಇಲ್ಲಿ ಸಾಲದು.

ನನ್ನ ಆಕ್ಷೇಪಣೆ ಕೊನೆಯ ಭಾಗಕ್ಕೆ. ಪೋಲೀಸರು ಬಂದು ಎಲ್ಲವನ್ನೂ ಸರಿಪಡಿಸಿ ಹಿತವಚನ ಹೇಳುತ್ತಾರೆ. ಒಬ್ಬ ಫಿಗ್ಲಿಯಾ ಸಿಕ್ಕಿಬಿದ್ದರೆ ಮಂಡಿ ನೆಟ್ಟಗಾಯಿತೇ? ಎಡಪಂಥೀಯನೆಂದು ಕಪ್ಪುಪಟ್ಟಿಗೆ ಸೇರಿ ಹಾಲಿವುಡ್ ಬಿಟ್ಟುಹೋಗಬೇಕಾದ ಡ್ಯಾಸಿನ್ನರಿಗೆ ನ್ಯಾಯ ಅಷ್ಟು ಸುಲಭವಾಗಿ ದೊರೆಯಲಿಲ್ಲ. ಆದರೂ ಚಿತ್ರವನ್ನು ನೋಡಬೇಕು. ಮರಳಿ ಬಂದವನಿಗೆ ಸನ್ಮಾನಕ್ಕಿಂತ ದುಡಿಮೆಗೆ ತಕ್ಕ ಬೆಲೆ ಮುಖ್ಯವೆಂಬ ಮಾತನ್ನು ಅದು ಮನಸ್ಸಿಗೆ ನಾಟಿಸುತ್ತದೆ.