ಕಾಗುಣಿತ ಅಳಿಸುವ ಹತ್ತು ಸಾಲು

ಹತ್ತು ಸಾಲು ಪಿಎಚ್‌ಪಿ ಬರೆದು ಬಾಡಿಗೆ ಸರ್ವರಿಗೆ ಏರಿಸಿದರೆ ಸಾಕು, ಫೈಲ್ ಅಪ್‌ಲೋಡ್ ಮಾಡುವ ಸ್ವಂತ ಜಾಲತಾಣ ಸಿದ್ಧ ಎಂಬ ಮಾತು ಹರಿದಾಡುತ್ತಿದೆ. ಆ ಹತ್ತು ಸಾಲಿಗೆ ಇಷ್ಟು ಹೊಗಳಿಕೆ ಸಲ್ಲದು.

ಫಾರಂ ಮೂಲಕ ಫೈಲ್ ಕಳಿಸುವ ವಿಧಾನ 1995ರ ಆರ್‌ಎಫ್‌ಸಿ 1867 ಎಂಬ ಅಂತರಜಾಲ ದಾಖಲೆಯಷ್ಟು ಹಳೆಯದು. ಪಿಎಚ್‌ಪಿಯಲ್ಲಿ ಒಂದು ಫೈಲಿಗೆ ಮೊದಲೇ ಇರುವ ಮಿತಿ 2 ಎಂಬಿ, ಅದನ್ನು ಏರಿಸಬೇಕು. ಬ್ರೌಸರ್ ಹೇಳುವ ಫೈಲ್ ಬಗೆಯನ್ನು ನಂಬಬಾರದು. ಇವೆಲ್ಲ ಬಲ್ಲವರಿಗೆ ಗೊತ್ತು. ನನ್ನ ತಕರಾರು ಫೈಲಿನ ಹೆಸರನ್ನು ‘ಶುದ್ಧ’ ಮಾಡುವ ಸಾಲಿನ ಮೇಲೆ.

ಆಂಧ್ರದ ಆದೋನಿ ಸೀಮೆಯ ಎಮ್ಮಿಗನೂರನ್ನೇ ತೆಗೆದುಕೊಳ್ಳಿ. ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದ ಊರು. ಅಲ್ಲಿ ಮನೆಯಲ್ಲಿ ಕನ್ನಡ ಆಡುವ ನೇಕಾರನೊಬ್ಬ ಮಜೂರಿ ಚೀಟಿಯ ಫೋಟೊಗೆ ‘ಕೂಲಿ’ ಎಂದೂ ಕಲೆಬಿದ್ದ ಬಟ್ಟೆಯ ಫೋಟೊಗೆ ‘ಕಲೆ’ ಎಂದೂ ಹೆಸರಿಟ್ಟು ಏರಿಸಿದ ಎನ್ನಿ. ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಅಡಿಗೆರೆ ಮಾಡುವ ಸಾಲಾದರೆ ಎರಡು ಹೆಸರೂ ಬರೀ ಗೆರೆ. ‘ಎಲ್ಲ ಭಾಷೆಗೂ ಸಲ್ಲುತ್ತದೆ’ ಎನ್ನುವ ಸುಧಾರಿತ ಸಾಲು ಇನ್ನೂ ಕೆಟ್ಟದ್ದು. ಅದು ಯೂನಿಕೋಡಿನ ಅಕ್ಷರ ವರ್ಗ, ಅಂಕಿ ವರ್ಗ ಎರಡನ್ನೇ ಉಳಿಸುತ್ತದೆ. ನಮ್ಮ ಕೊಂಬು, ಗುಡಿಸು, ಏತ್ವಗಳು ಯೂನಿಕೋಡಿನಲ್ಲಿ ಅಕ್ಷರಗಳಲ್ಲ, ಗುರುತುಗಳು; ಅವೆಲ್ಲ ಉದುರಿಹೋಗುತ್ತವೆ. ‘ಕೂಲಿ’ಯೂ ‘ಕಲ’, ‘ಕಲೆ’ಯೂ ‘ಕಲ’. ಒಂದೇ ಹೆಸರಿನ ಫೈಲ್ ಮೊದಲೇ ಇದ್ದರೆ ಪಿಎಚ್‌ಪಿಯ ‘ಮೂವ್ ಅಪ್‌ಲೋಡೆಡ್ ಫೈಲ್’ ಎಂಬ ಫಂಕ್ಷನ್ ಕೇಳದೆ ಅದರ ಮೇಲೇ ಬರೆಯುತ್ತದೆ. ಕೂಲಿಯ ಚೀಟಿ ಹೋಯಿತು, ಎಚ್ಚರಿಕೆಯೂ ಬರಲಿಲ್ಲ. ತೆಲುಗಿನ ಗುಣಿತಕ್ಕೂ ಇದೇ ಗತಿ. ಆದೋನಿ ಸೀಮೆಯ ಎರಡೂ ಭಾಷೆಗೆ ಒಂದೇ ಪೆಟ್ಟು.

‘ಹೆಸರನ್ನು ಇಂಗ್ಲಿಷಿನಲ್ಲಿ ಬರೆದರಾಯಿತು’ ಎನ್ನುವವರಿದ್ದಾರೆ. ಈ ವಾದವನ್ನು ನಾನು ಒಪ್ಪಲಾರೆ. ಸ್ವಂತ ತಾಣ ಕಟ್ಟುವುದೇ ನಮ್ಮ ಕಾಗದಪತ್ರ ನಮ್ಮ ಕೈಯಲ್ಲಿರಲಿ ಎಂದು. ಬಾಗಿಲಲ್ಲೇ ನಮ್ಮ ಲಿಪಿಯನ್ನು ಕಳಚಿಡು ಎಂದರೆ ಅದು ಯಾರ ಸ್ವಂತ? ‘ಗೂಗಲ್ ಡ್ರೈವ್ ಇದೆಯಲ್ಲ, ಇದೆಲ್ಲ ಯಾಕೆ’ ಎನ್ನುವವರ ಮಾತೂ ಅರ್ಧ ಸತ್ಯ. ಅಲ್ಲಿ ಕನ್ನಡ ಹೆಸರು ಉಳಿಯುತ್ತದೆ, ನಿಜ. ಆದರೆ ಖಾತೆ ಮುಚ್ಚುವ ಅಧಿಕಾರ ಬೇರೆಯವರದು.

ಪರಿಹಾರ ದೊಡ್ಡದೇನಲ್ಲ. ಡಿಸ್ಕಿನಲ್ಲಿ ಫೈಲಿಗೆ ಯಾದೃಚ್ಛಿಕ ಹೆಸರು ಕೊಡಿ, ಅದನ್ನು ಜಾಲಕ್ಕೆ ಕಾಣದ ಫೋಲ್ಡರಿನಲ್ಲಿಡಿ. ಬಳಕೆದಾರ ಕೊಟ್ಟ ಹೆಸರನ್ನು ಡೇಟಾಬೇಸಿನಲ್ಲಿ ಇದ್ದಂತೆಯೇ ಬರೆದಿಟ್ಟು, ಡೌನ್‌ಲೋಡ್ ಆಗುವಾಗ ಅದನ್ನೇ ಕೊಡಿ. ಹತ್ತು ಸಾಲು ಮೂವತ್ತಾಗಬಹುದು, ಆಗಲಿ. ಕನ್ನಡದಲ್ಲಿ ಇಂಥ ಪಾಠ ಬರೆಯುವವರು ಮೊದಲ ಪರೀಕ್ಷೆಗೆ ‘ಕೂಲಿ’, ‘ಕಲೆ’ ಎಂಬ ಎರಡು ಫೈಲ್ ಏರಿಸಿ ನೋಡಲಿ. ಎರಡೂ ಉಳಿಯದಿದ್ದರೆ ಆ ಪಾಠವನ್ನು ಹಂಚಬೇಡಿ.