ದುಡಿಯುವ ಕೈ ಮತ್ತು ಕ್ಷಣದ ಬೆಳಕು: ಹಾಸನ ಸೀಮೆಯ ಛಾಯಾಚಿತ್ರ ದಾಖಲಾತಿಯನ್ನು ಕುರಿತು

ಜಾನಪದ ಕ್ಷೇತ್ರಕಾರ್ಯದಲ್ಲಿ ಛಾಯಾಚಿತ್ರವು ಅನೇಕ ವೇಳೆ ಬರವಣಿಗೆಗೆ ಅಲಂಕಾರವಾಗಿ ಮಾತ್ರ ಬಳಕೆಯಾಗುತ್ತದೆ. ಅದನ್ನು ಆಕರವೆಂದು ಒಪ್ಪುವುದಾದರೆ, ಚಿತ್ರವು ಏನನ್ನು ತೋರಿಸುತ್ತದೆ ಎಂಬುದರೊಡನೆ ಯಾವ ಬೆಳಕಿನಲ್ಲಿ ತೋರಿಸುತ್ತದೆ ಎಂಬುದೂ ವಿಮರ್ಶೆಗೆ ಒಳಗಾಗಬೇಕು. ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳ ಕಸುಬು, ಕುಣಿತಗಳ ತಿಳಿವಳಿಕೆ ಬಹುಮಟ್ಟಿಗೆ ಕೈಯ ಚಲನೆಯಲ್ಲಿ ನೆಲೆಸಿರುವುದರಿಂದ ಇಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ.

ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಚಲಿಸುವ ಕೈ, ಸೆಕೆಂಡಿನ 60ರಲ್ಲಿ ಒಂದು ಭಾಗದಷ್ಟು ಕಾಲದಲ್ಲಿ 5 ಸೆಂಟಿಮೀಟರ್ ಸರಿಯುತ್ತದೆ. 1000ದಲ್ಲಿ ಒಂದು ಭಾಗದಲ್ಲಿ ಸರಿಯುವುದು ಕೇವಲ 3 ಮಿಲಿಮೀಟರ್. ವಿದ್ಯುನ್ಮಾನ ಫ್ಲಾಶಿನ ಮಿಂಚು ಇದಕ್ಕಿಂತಲೂ ಅಲ್ಪಕಾಲದ್ದಾಗಿರಬಲ್ಲದು. ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ಇಂತಹ ಮಿಂಚುಬೆಳಕಿನಿಂದ ಕಣ್ಣಿಗೆ ಸಿಲುಕದ ಚಲನೆಗಳನ್ನು ಚಿತ್ರದಲ್ಲಿ ನಿಲ್ಲಿಸಿ ತೋರಿಸಿದರು. ಆದರೆ ನಿಲ್ಲಿಸುವ ಶಕ್ತಿಯೇ ಈ ಬೆಳಕಿನ ಮಿತಿಯೂ ಹೌದು. ಬೆರಳಿನ ಆಕಾರ ಸ್ಪಷ್ಟವಾಗುತ್ತದೆ. ಅದು ಎಲ್ಲಿಂದ ಬಂತು, ಎತ್ತ ಹೊರಟಿತು ಎಂಬುದು ಅಳಿದುಹೋಗುತ್ತದೆ.

ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪಿನ ಕೆಲಸ ಇದಕ್ಕೆ ತಕ್ಕ ನಿದರ್ಶನ. ಹಸಿ ಎಲೆಗಳನ್ನು ಹುರಿಯಿಂದ ಕೋಲಿಗೆ ಕಟ್ಟಿ, ಬ್ಯಾರನ್ನಿನೊಳಗೆ ತೂಗುಹಾಕಿ ಹದಗೊಳಿಸುವುದು ರೂಢಿಯ ಕ್ರಮ. ನೆರಳಿನಲ್ಲಿ ನಡೆಯುವ ಈ ಕಟ್ಟುವಿಕೆಯನ್ನು ನೇರ ಫ್ಲಾಶಿನಲ್ಲಿ ಹಿಡಿದರೆ ಎಲೆ ಹಿಡಿದ ಕೈ ಕಾಣುತ್ತದೆ, ಹುರಿ ಸುತ್ತುವ ಕ್ರಮ ಕಾಣುವುದಿಲ್ಲ. ಸೆಕೆಂಡಿನ 15ರಲ್ಲಿ ಒಂದು ಭಾಗದಷ್ಟು ಕಾಲ ಶಟರ್ ತೆರೆದಿಟ್ಟು, ಅದು ಮುಚ್ಚುವ ಮುನ್ನ ಫ್ಲಾಶ್ ಹೊತ್ತಿಸಿದರೆ, ಸ್ಪಷ್ಟವಾದ ಕೈಯ ಹಿಂದೆ ಅದು ಸಾಗಿಬಂದ ದಾರಿ ಮಸುಕಾಗಿ ಉಳಿಯುತ್ತದೆ. ಶಟರ್ ತೆರೆದೊಡನೆಯೇ ಫ್ಲಾಶ್ ಹೊತ್ತಿದರೆ ಮಸುಕು ಕೈಯ ಮುಂದಕ್ಕೆ ಬೀಳುವುದರಿಂದ ಚಲನೆ ಹಿಮ್ಮುಖವಾದಂತೆ ಭಾಸವಾಗುತ್ತದೆ. ಹುರಿ ಸುತ್ತುವ ದಿಕ್ಕನ್ನು ಚಿತ್ರದಿಂದ ಅರಿಯಬಯಸುವ ಸಂಶೋಧಕನಿಗೆ ಇದು ತಪ್ಪು ಸಾಕ್ಷ್ಯವಾದೀತು.

ಎಲ್ಲ ಕೆಲಸಗಳಿಗೂ ಒಂದೇ ವಿಧಾನ ಸಲ್ಲದು. ಹೊಳೆನರಸೀಪುರದ ಹೇಮಾವತಿ ಬಯಲಿನ ನಾಟಿಯಲ್ಲಿ ಎಡಗೈ ಪೈರಿನ ಕಟ್ಟನ್ನು ಹಿಡಿದರೆ ಬಲಗೈ ಬಿಡಿಸಿ ನೆಡುತ್ತದೆ. ಬಿಸಿಲು ಮೇಲಿನಿಂದ ಬೀಳುವಾಗ ಬಾಗಿದ ಮೈಯ ನೆರಳು ಕೈಗಳನ್ನು ಮುಚ್ಚುತ್ತದೆ. ಇಲ್ಲಿ ಮಂದವಾದ ಫ್ಲಾಶ್ ನೆರಳನ್ನು ತಿಳಿಗೊಳಿಸಿದರೆ ಸಾಕು. ಚನ್ನರಾಯಪಟ್ಟಣದ ತೆಂಗಿನ ಸೀಮೆಯಲ್ಲಿ, ನೆಲಕ್ಕೆ ನೆಟ್ಟ ಸಲಾಕೆಗೆ ಕಾಯಿಯನ್ನು ಚುಚ್ಚಿ ತಿರುಚಿ ಸುಲಿಯುವಾಗ ಮಣಿಕಟ್ಟಿನ ಬಿಗಿ ಮುಖ್ಯವಾದುದು. ಅದಕ್ಕೆ ಪಕ್ಕದಿಂದ ಬೀಳುವ ತೀಕ್ಷ್ಣ ಮಿಂಚೇ ಹೊಂದುತ್ತದೆ. ಬೇಲೂರು, ಹಳೇಬೀಡುಗಳ ಶಿಲ್ಪದ ಕೈಗಳನ್ನು ಚಿತ್ರಿಸುವಾಗಲೂ ಎದುರುಬೆಳಕು ಉಬ್ಬುತಗ್ಗುಗಳನ್ನು ಚಪ್ಪಟೆಯಾಗಿಸುತ್ತದೆ. ಕಲ್ಲಿನ ಕೈಗೆ ಸಲ್ಲಿಸುವ ಎಚ್ಚರ ಜೀವಂತ ಕೈಗೂ ಸಲ್ಲಬೇಕು.

ರಾತ್ರಿಯ ಕೋಲಾಟ, ತಮಟೆಗಳಲ್ಲಿ ಪ್ರಶ್ನೆ ಇನ್ನಷ್ಟು ತೊಡಕಿನದು. ನಿಲ್ಲಿಸಿದ ಚಿತ್ರದಲ್ಲಿ ಎರಡು ಕೋಲುಗಳು ತಾಗಿಕೊಂಡಿರುತ್ತವೆ, ಅಷ್ಟೆ. ಲಯವಿರುವುದು ಒಂದು ತಾಗುವಿಕೆಯಿಂದ ಮತ್ತೊಂದಕ್ಕೆ ಸಾಗುವ ನಡುವಿನಲ್ಲಿ. 1949ರಲ್ಲಿ ಜ್ಯಾನ್ ಮಿಲಿ, ಕತ್ತಲಲ್ಲಿ ಬೆಳಕಿನ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದ ಪಿಕಾಸೊ ಅವರನ್ನು ಚಿತ್ರಿಸಿದಾಗ ಶಟರನ್ನು ತೆರೆದಿಟ್ಟು ಗೆರೆಯನ್ನೂ, ಫ್ಲಾಶಿನಿಂದ ಕಲಾವಿದನನ್ನೂ ಒಂದೇ ಚೌಕಟ್ಟಿನಲ್ಲಿ ಉಳಿಸಿದರು. ಆದರೆ ಜಾತ್ರೆಯ ಕುಣಿತ ಛಾಯಾಗ್ರಾಹಕನಿಗಾಗಿ ನಡೆಯುವಂಥದಲ್ಲ. ಕಣ್ಣಿಗೆ ರಾಚುವ ಮಿಂಚು ಹೆಜ್ಜೆಯನ್ನು ಕದಡಿದರೆ, ದಾಖಲಾಗುವುದು ಕುಣಿತವಲ್ಲ, ಅದರ ಭಂಗ.

ಆದುದರಿಂದ ಒಂದೇ ಕೈಕೆಲಸಕ್ಕೆ ಮೂರು ಚಿತ್ರಗಳಾದರೂ ಇರುವುದು ಯುಕ್ತ: ಇದ್ದ ಬೆಳಕಿನಲ್ಲಿ ಒಂದು, ಚಲನೆಯನ್ನು ನಿಲ್ಲಿಸಿದ ಇನ್ನೊಂದು, ಚಲನೆಯ ಜಾಡನ್ನು ಉಳಿಸಿದ ಮತ್ತೊಂದು. ಅಡಿಬರಹದಲ್ಲಿ ಸ್ಥಳ, ದಿನಾಂಕಗಳೊಂದಿಗೆ ಶಟರಿನ ಕಾಲ, ಫ್ಲಾಶಿನ ದಿಕ್ಕು, ಅದು ಹೊತ್ತಿದ ಕ್ಷಣ ಇವೂ ನಮೂದಾಗಬೇಕು. ಕೈಕೆಲಸ ಯಂತ್ರಕ್ಕೆ ಸಂದಮೇಲೆ ಅದನ್ನು ಕಲಿಯಬಯಸುವವರಿಗೆ ಉಳಿಯುವ ಪಾಠ ಈ ಚಿತ್ರಗಳಲ್ಲಿರುತ್ತದೆ. ಅಂದವಾಗಿ ನಿಂತ ಕೈ ಅವರಿಗೆ ಸಾಲದು. ಅದು ಹೇಗೆ ನಡೆಯಿತೆಂಬುದೂ ಕಾಣಬೇಕು.